ಹೊಸ್ತಿಲವರೆಗೆ ಹುಲ್ಲು

ನಮ್ಮಣ್ಣ ಹಗಲೆಲ್ಲ ಅಂಗಡಿಯಲ್ಲಿ ಕೂತು ಹುಲ್ಲು ಸಾಯಿಸುವ ಔಷಧಿ ಮಾರುತ್ತಾನೆ. ಸಂಜೆ ಮನೆಗೆ ಬಂದು ಹುಲ್ಲಿಗೆ ನೀರು ಹಾಕುತ್ತಾನೆ. ಶಿಕಾರಿಪುರದಲ್ಲಿ ಅವನದು ಬೀಜ ಗೊಬ್ಬರದ ಅಂಗಡಿ. ಮೆಕ್ಕೆಜೋಳದಲ್ಲಿ ಕಳೆ ಎದ್ದಿದೆ ಎಂದು ರೈತರು ಬಂದರೆ, "ಈ ಎಣ್ಣಿ ಹೊಡೀರಿ, ಒಂದು ಎಸಳು ಉಳಿದಿದ್ರೆ ನನ್ನ ಕೇಳ್ರಿ" ಎಂದು ಎದೆ ತಟ್ಟಿ ಹೇಳುತ್ತಾನೆ. ಅದೇ ಬಾಯಲ್ಲಿ ಮನೆಗೆ ಬಂದು, ನಿನ್ನೆಗಿಂತ ಇವತ್ತು ಆ ಮೂಲೆಯ ಹುಲ್ಲು ಸ್ವಲ್ಪ ಮಂಕಾಗಿದೆಯಲ್ಲ ಎಂದು ಸಂಕಟಪಡುತ್ತಾನೆ. ಇದರಲ್ಲಿ ನಗುವಂಥದ್ದು ಏನಿದೆ ಎಂದು ಅವನಿಗೆ ಇವತ್ತಿಗೂ ಗೊತ್ತಾಗಿಲ್ಲ. ನಾನು ಮಾತ್ರ ಮೊದಮೊದಲು ಚೆನ್ನಾಗಿ ನಗುತ್ತಿದ್ದೆ. ಆಮೇಲೆ ಆ ಹುಲ್ಲು ನನ್ನ ಮದುವೆಗೇ ಅಡ್ಡಗಾಲು ಹಾಕಿತು.

ನಮ್ಮ ಮನೆಯಲ್ಲಿ ನಾಲ್ಕು ಜನ. ಅಣ್ಣ, ಅತ್ತಿಗೆ, ಅವ್ವ ಮತ್ತು ನಾನು. ಅಪ್ಪ ತೀರಿ ಬಹಳ ವರ್ಷವಾಯಿತು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಅಣ್ಣ ಊರ ಹೊರಗಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದಾಗ ಮುಂದುಗಡೆ ಒಳ್ಳೆಯ ಜಾಗ ಉಳಿಯಿತು. ಅವ್ವ ಅದನ್ನು ನೋಡಿ ಎಲ್ಲಿ ಸಂಡಿಗೆ ಒಣಗಿಸುವುದು, ಎಲ್ಲಿ ತುಳಸಿಕಟ್ಟೆ ಎಂದು ಮನಸ್ಸಿನಲ್ಲೇ ಗೆರೆ ಎಳೆಯುತ್ತಿದ್ದಳು. ಅಣ್ಣನ ಮನಸ್ಸಿನಲ್ಲಿ ಬೇರೆಯೇ ಇತ್ತು. ಅದರ ಹಿಂದಿನ ವರ್ಷ ಯಾವುದೋ ಬೀಜದ ಕಂಪನಿಯವರು ವ್ಯಾಪಾರಿಗಳನ್ನೆಲ್ಲ ಕರೆದುಕೊಂಡು ಹೋಗಿ ಒಂದು ರೆಸಾರ್ಟಿನಲ್ಲಿ ಇಳಿಸಿದ್ದರು. ಅಲ್ಲಿ ಬೆಳಿಗ್ಗೆ ಇವನನ್ನು ಹುಲ್ಲಿನ ಮೇಲೆ ಕೂರಿಸಿ ಕಾಫಿ ಕೊಟ್ಟಿದ್ದಾರೆ. ಅಷ್ಟಕ್ಕೇ ಆಸಾಮಿ ಕೆಟ್ಟುಹೋದ.

ಅವ್ವನ ತವರು ಸೊರಬ ತಾಲೂಕು, ಚಂದ್ರಗುತ್ತಿ ಕಡೆ. ಅಲ್ಲಿ ಮಳೆಗಾಲ ಮುಗಿಯುವಷ್ಟರಲ್ಲಿ ಅಂಗಳದ ತುಂಬ ಹುಲ್ಲು ಎದ್ದಿರುತ್ತದೆ. ಅದನ್ನು ಗುದ್ದಲಿಯಲ್ಲಿ ಕೆತ್ತಿ, ಮಣ್ಣು ತಟ್ಟಿ, ಸಗಣಿ ಸಾರಿಸಿದರೆ ಮಾತ್ರ ಅದು ಜನ ಇರುವ ಮನೆ. ಕೆತ್ತದೆ ಬಿಟ್ಟರೆ, ಈ ಮನೆಯವರಿಗೆ ಏನಾಯಿತು ಎಂದು ದಾರಿಹೋಕರು ಕೇಳುತ್ತಾರೆ. ಬಾಗಿಲಲ್ಲಿ ಹುಲ್ಲು ಬೆಳೆಯಿತು ಎಂದರೆ ಅಲ್ಲಿ ಮನೆತನ ಮುಗಿಯಿತು ಎಂದೇ ಅರ್ಥ. ಅವ್ವ ಶಿಕಾರಿಪುರಕ್ಕೆ ಸೊಸೆಯಾಗಿ ಬಂದಾಗ ಇಲ್ಲಿಯ ಒಣ ನೆಲ ಕಂಡು, ಸದ್ಯ ಕೆತ್ತುವ ಕೆಲಸ ತಪ್ಪಿತು, ಗುಡಿಸಿದರೆ ಸಾಕು ಎಂದು ಖುಷಿಪಟ್ಟಿದ್ದಳಂತೆ. ಅಂಥವಳ ಕಣ್ಣೆದುರಿಗೇ ಒಂದು ದಿನ ಲಾರಿಯಲ್ಲಿ ಹುಲ್ಲಿನ ಚಾಪೆಗಳು ಬಂದಿಳಿದವು.

"ಏ ತಮ್ಮಾ, ಹುಲ್ಲನ್ನ ಯಾರಾದ್ರೂ ರೊಕ್ಕ ಕೊಟ್ಟು ತರ್ತಾರೇನೋ?" ಎಂದಳು ಅವ್ವ.

"ಇದು ಹುಲ್ಲಲ್ಲವ್ವ, ಲಾನು."

"ದನ ತಿಂತಾವಿಲ್ಲೋ ಅದನ್ನ?"

"ತಿಂತಾವು."

"ಮತ್ತೆ?" ಎಂದು ಅವ್ವ ಒಳಗೆ ಹೋದಳು. ಅವಳ ಮಟ್ಟಿಗೆ ಚರ್ಚೆ ಅಲ್ಲಿಗೇ ಮುಗಿದಿತ್ತು. ಅಣ್ಣ ಮಾತ್ರ ಲಾನು ಅಂದರೆ ಏನು ಎಂದು ಬಾಗಿಲ ಕಡೆ ನೋಡಿಕೊಂಡು ಇನ್ನೂ ಬಹಳ ಹೊತ್ತು ವಿವರಿಸುತ್ತಿದ್ದ.

ಆಮೇಲೆ ಕಾನೂನುಗಳು ಶುರುವಾದವು. ಲಾನಿನ ಮೇಲೆ ಚಪ್ಪಲಿ ಹಾಕಿಕೊಂಡು ಬರುವ ಹಾಗಿಲ್ಲ, ಗೇಟಿನ ಹೊರಗೇ ಬಿಡಬೇಕು. ಕುರ್ಚಿ ಇಡುವ ಹಾಗಿಲ್ಲ, ಕಾಲು ಊರಿ ತೂತು ಬೀಳುತ್ತದೆ. ಅಂದರೆ ಯಾವ ಕುರ್ಚಿಯ ಆಸೆಗೆ ಇಷ್ಟೆಲ್ಲ ಮಾಡಿದ್ದನೋ ಆ ಕುರ್ಚಿಗೇ ಜಾಗವಿಲ್ಲ. ಸಂಡಿಗೆ ತಾರಸಿಗೆ ಹೋಯಿತು, ತುಳಸಿ ಹಿತ್ತಲಿಗೆ ಹೋಯಿತು. ರಂಗೋಲಿಗೆ ಗೇಟಿನ ಮುಂದಾದರೂ ಜಾಗ ಬಿಡು ಎಂದು ಅವ್ವ ಕೇಳಿದಳು. ಅಣ್ಣ ಗೇಟಿನ ಹೊರಗೂ ರಸ್ತೆಯವರೆಗೆ ಒಂದು ಪಟ್ಟಿ ಹುಲ್ಲು ಹಾಸಿಬಿಟ್ಟಿದ್ದ, ಹಾಗಿದ್ದರೇನೇ ಲಕ್ಷಣವಂತೆ. ಕೊನೆಗೆ ಅತ್ತಿಗೆ ಪೇಟೆಯಿಂದ ಪ್ಲಾಸ್ಟಿಕ್ ರಂಗೋಲಿ ತಂದು ಹೊಸ್ತಿಲಿಗೆ ಅಂಟಿಸಿದಳು. ಬಗ್ಗಿ ನೋಡಿದರೆ ಕಾಣುತ್ತದೆ.

ಬಡಾವಣೆಯ ಜನ ಮೊದಲು ಬೇಲಿಯಾಚೆ ನಿಂತು ನೋಡಿದರು. ಎಮ್ಮೆ ಕಟ್ಟಿದ್ದ ಎದುರು ಮನೆಯಾಕೆ, "ಎಷ್ಟು ಆಕಳು ತರಬೇಕಂತೀರಿ?" ಎಂದು ಮರ್ಯಾದೆಯಿಂದಲೇ ಕೇಳಿದಳು. ಅಣ್ಣ ಹುಲ್ಲು ಕತ್ತರಿಸುವ ಯಂತ್ರ ತಂದು, ವಾರಕ್ಕೊಮ್ಮೆ ತಳ್ಳಿ, ಕತ್ತರಿಸಿದ್ದನ್ನು ತಿಪ್ಪೆಗೆ ಸುರಿದದ್ದನ್ನು ಕಂಡ ಮೇಲೆ ಆ ಮರ್ಯಾದೆಯೂ ಹೋಯಿತು. ಅವ್ವ ಅದನ್ನು ಸೆರಗಿನಲ್ಲಿ ತುಂಬಿಕೊಂಡು ಹೋಗಿ ಆಕೆಯ ಎಮ್ಮೆಗೆ ಹಾಕಿ ಬರುತ್ತಿದ್ದಳು. ಬೇಸಿಗೆಯಲ್ಲಿ ಕುರಿ ಹೊಡೆದುಕೊಂಡು ಹೋಗುವವರು ನಮ್ಮ ಗೇಟಿನ ಮುಂದೆ ತಪ್ಪದೆ ನಿಲ್ಲುತ್ತಿದ್ದರು. ಸುತ್ತೆಲ್ಲ ಒಣಗಿ ಬೂದಿ ಬಣ್ಣಕ್ಕೆ ತಿರುಗಿದಾಗ ಊರಲ್ಲಿ ಹಸಿರು ಅಂತ ಇದ್ದದ್ದು ಇದೊಂದೇ. ಅವರಲ್ಲೊಬ್ಬ ಹಿರಿಯ ಒಮ್ಮೆ ಅಣ್ಣನನ್ನು ಕರೆದು, "ಯಜಮಾನ್ರ, ಯಾಕೆ ಆ ಮಿಷನ್ ತಳ್ಳಿ ಬೆವರ್ತೀರಿ? ಒಂದು ಗಳಿಗಿ ಗೇಟ್ ತೆಗೀರಿ, ಸಮಾ ಮಾಡಿ ಕೊಡ್ತಾವು. ಗೊಬ್ಬರಾನೂ ಆತು" ಎಂದ. ಅಣ್ಣ ಅವತ್ತು ಊಟ ಮಾಡಲಿಲ್ಲ.

ಇನ್ನು ನನ್ನ ವಿಷಯ. ನನಗೆ ಮೂವತ್ತು ದಾಟಿತ್ತು. ಬಂದು ನೋಡಿ ಉಪ್ಪಿಟ್ಟು ತಿಂದು ಹೋದವರು ಸಾಕಷ್ಟು ಜನ ಇದ್ದರು, ಅವರ ಬಗ್ಗೆ ಹೇಳಿ ಕಾಗದ ಹಾಳು ಮಾಡುವುದಿಲ್ಲ. ಆ ವರ್ಷ ಮಕ್ಕಳನ್ನು ಗುಡವಿಯ ಪಕ್ಷಿಧಾಮಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿಗೆ ಸೊರಬ ಕಡೆಯ ಶಾಲೆಯೊಂದರಿಂದಲೂ ಮಕ್ಕಳು ಬಂದಿದ್ದರು. ಅವರ ಮೇಷ್ಟ್ರು ಒಬ್ಬರು ಕೆರೆಯ ಏರಿಯ ಮೇಲೆ ಛತ್ರಿ ಹಿಡಿದು ನಿಂತಿದ್ದರು. ಮಕ್ಕಳು ಯಾವ ಹಕ್ಕಿ ಕಂಡರೂ "ಸಾರ್, ಕೊಕ್ಕರೆ" ಎನ್ನುತ್ತಿದ್ದವು. ಆತ ಒಂದು ಸಲವೂ ತಿದ್ದದೆ, "ಹೌದು ಹೌದು, ಅದೂ ಕೊಕ್ಕರೆ" ಎನ್ನುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ. "ನೀವು ವಿಜ್ಞಾನದ ಮೇಷ್ಟ್ರಾ?" ಎಂದು ಕೇಳಿದೆ. "ಅಲ್ಲ, ಸಮಾಜ. ಹಕ್ಕಿಗೆ ತನ್ನ ಹೆಸರು ಎಂತದು ಅಂತ ಗೊತ್ತಿರ್ತದಾ?" ಎಂದರು. ಬುತ್ತಿ ಬಿಚ್ಚಿ ಒಟ್ಟಿಗೆ ಊಟ ಮಾಡಿದೆವು. ಫೋನ್ ನಂಬರ್ ಕೊಟ್ಟುಕೊಂಡೆವು. ಮಕ್ಕಳ ಕಡೆಯಿಂದ ಒಬ್ಬರ ಬಗ್ಗೆ ಒಬ್ಬರಿಗೆ ಎಲ್ಲ ಗೊತ್ತಾಗಿತ್ತು, ಇಬ್ಬರಿಗೂ ಮದುವೆಯಾಗಿಲ್ಲ ಎಂಬುದೂ ಸೇರಿ.

ನನಗೆ ಆತ ಬೇಕಾಗಿದ್ದರು. ಅದನ್ನು ಸುತ್ತಿ ಬಳಸಿ ಹೇಳುವ ವಯಸ್ಸು ನನ್ನದಾಗಿರಲಿಲ್ಲ, ಅಣ್ಣನಿಗೆ ನೇರವಾಗಿಯೇ ಹೇಳಿದೆ. ಅವರ ಕಡೆಯಿಂದಲೂ ಮಾತು ಬಂತು. ಆತನನ್ನು ಸಾಕಿ ಬೆಳೆಸಿದವರು ಅವರ ಸೋದರತ್ತೆ, ಚಂದ್ರಗುತ್ತಿಯ ಹತ್ತಿರದ ಹಳ್ಳಿಯವರು. ಆಕೆ ಅಣ್ಣನಿಗೆ ಫೋನ್ ಮಾಡಿ, "ಹುಡುಗ ಹುಡುಗಿ ಒಪ್ಪಿ ಆಗಿದೆ. ನಾವು ಬರೂದು ಬರೀ ಶಾಸ್ತ್ರಕ್ಕೆ. ಆಷಾಢ ಬರೂದ್ರೊಳಗೆ ಮುಗಿಸಿಬಿಡುವ" ಎಂದರು. ಅಣ್ಣ ಹಿಗ್ಗಿದ. ಮಾತಿನ ನಡುವೆ ಆಕೆ ಅವ್ವನನ್ನು ವಿಚಾರಿಸಿದಾಗ, "ಅವ್ವಗೆ ಒಂದು ಆಪರೇಷನ್ ಆಗೇತ್ರೀ, ಮಲಗ್ಯಾಳ" ಎಂದ. ಆಗಿದ್ದು ಕಣ್ಣಿನ ಪೊರೆಯ ಆಪರೇಷನ್. ಮಂಗಳದ ಮಾತಿನ ನಡುವೆ ಅದನ್ನೆಲ್ಲ ಬಿಡಿಸಿ ಹೇಳಬಾರದು ಎಂದು ಅವನಿಗೆ ಅನ್ನಿಸಿತಂತೆ.

ಅಣ್ಣ ಅಷ್ಟಕ್ಕೇ ಬಿಡಲಿಲ್ಲ. ನನ್ನ ಮದುವೆ ಗೊತ್ತಾದರೆ ಚಂದ್ರಗುತ್ತಿ ದೇವಿಗೆ ಮುಡಿ ಕೊಡುತ್ತೇನೆಂದು ಹರಕೆ ಹೊತ್ತಿದ್ದ. ಎಲ್ಲರೂ ಕೆಲಸವಾದ ಮೇಲೆ ಹರಕೆ ತೀರಿಸುತ್ತಾರೆ. ನಮ್ಮಣ್ಣ ವ್ಯಾಪಾರಸ್ಥ, ಅಡ್ವಾನ್ಸ್ ಕೊಟ್ಟರೆ ಮಾಲು ಬೇಗ ಬರುತ್ತದೆ ಎಂದು ತಿಳಿದವನು. ಗಂಡಿನ ಕಡೆಯವರು ಬರುವ ಹಿಂದಿನ ದಿನವೇ ಹೋಗಿ ತಲೆ ಬೋಳಿಸಿಕೊಂಡು ಬಂದ. ನನಗೋಸ್ಕರ ಅಷ್ಟು ದೂರ ಹೋಗಿ ಬಂದವನನ್ನು ಏನೆಂದು ಬೈಯುವುದು? ನನ್ನ ಕಣ್ಣಲ್ಲಿ ನೀರೇ ಬಂತು.

ಅವರು ಬರುವ ದಿನ ನಮ್ಮ ಮನೆ ಹೇಗಿತ್ತು ಎಂದು ಈಗ ಯೋಚಿಸಿದರೆ ಎಲ್ಲವೂ ನಿಚ್ಚಳವಾಗಿ ಕಾಣುತ್ತದೆ. ಅಡುಗೆಗೆ ಸಹಾಯ ಮಾಡಲು ಬಂದಿದ್ದ ಅಕ್ಕಪಕ್ಕದ ಹೆಂಗಸರ ಚಪ್ಪಲಿಗಳು ಗೇಟಿನ ಹೊರಗೆ ರಾಶಿ ಬಿದ್ದಿದ್ದವು. ಗಂಡಸರಿಗೆಂದು ತರಿಸಿದ ಪ್ಲಾಸ್ಟಿಕ್ ಕುರ್ಚಿಗಳನ್ನು ಅಣ್ಣ ಲಾನಿನ ಮೇಲೆ ಹಾಕಲು ಬಿಡದೆ ರಸ್ತೆಬದಿಯ ಹೊಂಗೆ ಮರದ ಕೆಳಗೆ ಹಾಕಿಸಿದ್ದ. ನಮ್ಮ ಕಡೆಯ ಹಿರಿಯರು ನಾಲ್ಕಾರು ಜನ ಅಲ್ಲಿ ಸುಮ್ಮನೆ ಕೂತಿದ್ದರು. ಬೇಸಿಗೆಯ ಸೆಕೆಗೆ ಅವರಿಗೆ ಮಾತು ಬೇಡವಾಗಿತ್ತು. ಗೇಟಿನ ಮುಂದೆ ನೀರು ಚಿಮುಕಿಸಿರಲಿಲ್ಲ, ರಂಗೋಲಿ ಇರಲಿಲ್ಲ, ಹುಲ್ಲು ಹೊಸ್ತಿಲವರೆಗೂ ಇತ್ತು. ಅದರ ನಡುವೆ ನಮ್ಮಣ್ಣ ಬೋಳು ತಲೆಯಲ್ಲಿ, ಬರಿಮೈಯಲ್ಲಿ, ಒದ್ದೆ ಪಂಚೆ ಉಟ್ಟು, ಬಂದವರಿಗೆ ಲಾನು ಹಸಿರಾಗಿ ಕಾಣಲಿ ಎಂದು ಕೊನೆಯ ಗಳಿಗೆಯಲ್ಲಿ ಪೈಪು ಹಿಡಿದು ನಿಂತಿದ್ದ.

ಕಾರು ಬಂತು. ಸ್ವಲ್ಪ ದೂರದಲ್ಲೇ ನಿಂತಿತು. ಅಡುಗೆಮನೆಯ ಕಿಟಕಿಯಿಂದ ಅತ್ತಿಗೆ ನೋಡಿದಳು. ಹಿಂದಿನ ಸೀಟಿನ ಗಾಜು ಅರ್ಧ ಇಳಿಯಿತು, ವಯಸ್ಸಾದ ಹೆಂಗಸೊಬ್ಬರು ಇಣುಕಿದರು, ಬಾಯಿಗೆ ಸೆರಗು ಹಿಡಿದರು. ಅಣ್ಣ ನಲ್ಲಿ ಬಂದ್ ಮಾಡಿ ತಿರುಗುವಷ್ಟರಲ್ಲಿ ಕಾರು ಹಿಂದಕ್ಕೆ ಹೋಗಿ, ತಿರುಗಿ, ಬಂದ ದಾರಿ ಹಿಡಿದಿತ್ತು. ಸಂಜೆ ಸೋದರತ್ತೆಯ ಫೋನ್ ಬಂತು. "ಇವತ್ತು ಬರೂಕಾಗ್ಲಿಲ್ಲ ರೀ. ಆಮೇಲೆ ಯಾವತ್ತಾದ್ರೂ ನೋಡುವ" ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಬಂದು, ನೋಡಿ, ಇಳಿಯದೆ ಹೋಗಿ, ಬರಲಾಗಲಿಲ್ಲ ಎನ್ನುವುದೆಂದರೆ ಏನು? ಮುಖಕ್ಕೆ ಹೊಡೆದ ಹಾಗಾಯಿತು.

ಮಾಡಿದ್ದ ಕೇಸರಿಬಾತು ತಣ್ಣಗಾಗುತ್ತಿದ್ದಂತೆ ಕಾರಣಗಳು ಹುಟ್ಟಿದವು. ಅಣ್ಣ, ನಮ್ಮ ಮನೆ ಅವರದಕ್ಕಿಂತ ದೊಡ್ಡದು ಎಂದು ಹೆದರಿದರು ಎಂದ. ಅತ್ತಿಗೆ ನನ್ನ ವಯಸ್ಸನ್ನು ನೋಡಿದಳು. ಅವ್ವ ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಕೂತು, ಅವತ್ತಿನ ನಕ್ಷತ್ರ ಸರಿಯಿರಲಿಲ್ಲ, ಹೇಳಿದರೆ ಯಾರು ಕೇಳುತ್ತೀರಿ ಎಂದಳು. ಲಾನಿನ ಮೇಲೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ. ಅದರ ಮೇಲೆ ಇಷ್ಟು ವರ್ಷ ಕೆಂಡ ಕಾರಿದ ಅವ್ವನಿಗೂ ಬರಲಿಲ್ಲ. "ಫೋನ್ ಮಾಡಿ ಕೇಳೂಣೇನು?" ಎಂದ ಅಣ್ಣ. "ಮಾಡಿದರೆ ನಾನು ಈ ಮನೆಯಲ್ಲಿರುವುದಿಲ್ಲ" ಎಂದೆ. ತಿರಸ್ಕರಿಸಿದವರ ಹತ್ತಿರ ಕಾರಣ ಕೇಳಿಕೊಂಡು ಹೋಗುವಷ್ಟು ಗತಿಗೆಟ್ಟವಳು ನಾನಾಗಿರಲಿಲ್ಲ.

ಮಾರನೆಯ ದಿನ ಮೇಷ್ಟ್ರಿಂದ ಒಂದು ಮೆಸೇಜು ಬಂತು. "ಧೈರ್ಯವಾಗಿರಿ. ನಿಮಗೆ ಮಾತಾಡಬೇಕು ಅನ್ನಿಸಿದಾಗ ಮಾತಾಡೋಣ." ಮೈಯೆಲ್ಲ ಉರಿಯಿತು. ಬಾಗಿಲಿಗೆ ಬಂದು ವಾಪಸ್ ಹೋಗುವುದು ಇವರು, ಧೈರ್ಯ ತಂದುಕೊಳ್ಳಬೇಕಾದವಳು ನಾನು. ಉತ್ತರ ಕೊಡಲಿಲ್ಲ. ನಂಬರನ್ನೇ ಬ್ಲಾಕ್ ಮಾಡಿ ಹತ್ತನೇ ತರಗತಿಯ ಉತ್ತರ ಪತ್ರಿಕೆ ತಿದ್ದಲು ಕೂತೆ. ಆ ಸಲ ಮಕ್ಕಳಿಗೆ ಅಂಕ ಕಮ್ಮಿಯೇ ಬಿದ್ದವು. ರಾತ್ರಿ ದಿಂಬಿಗೆ ಮುಖ ಒತ್ತಿಕೊಂಡು ಅತ್ತೆ. ಬೆಳಿಗ್ಗೆ ಎದ್ದು, ಎಂಥ ಕೊಕ್ಕರೆ ಮೇಷ್ಟ್ರಪ್ಪ ಎಂದು ಬೈದುಕೊಂಡೆ. ಬೈದರೂ ಅವರ ಮಾತು ನೆನಪಿಗೆ ಬರುತ್ತಿತ್ತು.

ಒಂದು ತಿಂಗಳಾಗಿರಬೇಕು, ಒಂದು ಭಾನುವಾರ ಬೆಳಿಗ್ಗೆ ಅದೇ ಕಾರು ಗೇಟಿನ ಮುಂದೆ ನಿಂತಿತು. ಈ ಸಲ ಸೋದರತ್ತೆ ಇಳಿದರು, ಹಿಂದೆ ಮೇಷ್ಟ್ರು. ಆಕೆ ಮಾಸಿದ ಬಣ್ಣದ ಸೀರೆ ಉಟ್ಟಿದ್ದರು, ತಲೆಗೆ ಹೂವಿರಲಿಲ್ಲ. ಮೇಷ್ಟ್ರ ಕೈಯಲ್ಲಿ ಅಕ್ಕಿ, ಬೇಳೆ, ತರಕಾರಿಯ ಚೀಲ. ಗೇಟು ತೆಗೆದು ತಲೆ ತಗ್ಗಿಸಿಕೊಂಡು ಒಳಗೆ ಬಂದರು. ಅವ್ವ ಮೆಟ್ಟಿಲ ಮೇಲಿನ ನೆರಳಿನಲ್ಲಿ, ಲಾನಿನ ಅಂಚಿನಲ್ಲಿ ಎದ್ದಿದ್ದ ಜೇಕಿನ ಕಳೆ ಕೀಳುತ್ತಾ ಕೂತಿದ್ದಳು. "ಯಾರ್ರೀ ಅದು? ಬರ್ರಿ" ಎಂದಳು.

ಸೋದರತ್ತೆ ಅಲ್ಲೇ ನಿಂತರು. ಅವ್ವನನ್ನು ನೋಡಿದರು. ನಿಧಾನಕ್ಕೆ ಲಾನಿನ ಮೇಲೆ ಕೂತುಬಿಟ್ಟರು.

"ನೀವು ಇವರ ತಾಯಿ ಅಲ್ದಾ?" ಎಂದರು.

"ಹೌದ್ರೀ."

"ಮತ್ತೆ ಹೋಗಿದ್ದು ಯಾರು?"

"ಎಲ್ಲಿಗೆ?" ಎಂದಳು ಅವ್ವ.

ಅಷ್ಟರಲ್ಲಿ ನಾನು, ಅಣ್ಣ, ಅತ್ತಿಗೆ ಎಲ್ಲ ಹೊರಗೆ ಬಂದಿದ್ದೆವು. ಅಣ್ಣನ ತಲೆಯಲ್ಲಿ ಆಗಷ್ಟೇ ಕೂದಲು ಮೊಳೆಯುತ್ತಿತ್ತು. ಸೋದರತ್ತೆ ಒಂದೊಂದಾಗಿ ಹೇಳಿದರು. ಅವತ್ತು ಬಂದು ನೋಡುತ್ತಾರೆ, ಬಾಗಿಲಿಗೆ ನೀರಿಲ್ಲ, ರಂಗೋಲಿಯಿಲ್ಲ, ರಸ್ತೆಯಲ್ಲಿ ಕುರ್ಚಿ, ಗೇಟಿನ ಹೊರಗೆ ಚಪ್ಪಲಿ ರಾಶಿ, ತಲೆ ಬೋಳಿಸಿಕೊಂಡು ಒದ್ದೆ ಪಂಚೆಯಲ್ಲಿ ನಿಂತ ಮಗ. ತಾಯಿಗೆ ಆಪರೇಷನ್ ಎಂದು ಮೊದಲೇ ಕಿವಿಗೆ ಬಿದ್ದಿತ್ತು. ಹೆಣ್ಣು ನೋಡಲು ಹೊರಟವರು ಸೂತಕದ ಮನೆಯ ಮೆಟ್ಟಿಲು ಹತ್ತುವ ಹಾಗಿಲ್ಲ, ಆ ಹೊತ್ತಿನಲ್ಲಿ ಸಾವಿನ ಮಾತು ಬಾಯಲ್ಲಿ ತರುವ ಹಾಗೂ ಇಲ್ಲ. ಅದಕ್ಕೇ ತಿರುಗಿ ಹೋದರು.

"ಒಂದು ಮಾತು ಕೇಳಬಾರದಿತ್ತೇನ್ರೀ?" ಎಂದ ಅಣ್ಣ.

"ಯಾರು ಸತ್ತಿದ್ದು ಅಂತ ಫೋನ್ ಮಾಡಿ ಕೇಳೂದಾ? ಅಂಗಳ ನೋಡಿದ್ರೆ ಗೊತ್ತಾಗೂದಿಲ್ವಾ?" ಎಂದರು ಆಕೆ. ನಿಜವಾಗಿಯೂ ಬೇಸರವಿತ್ತು ಅವರ ದನಿಯಲ್ಲಿ. ಅವ್ವ ತಲೆಯಾಡಿಸಿದಳು. ಸತ್ತವಳು ಅವಳೇ ಆಗಿದ್ದರೂ ಆಕೆಯ ಮಾತಿನಲ್ಲಿ ತಪ್ಪೇನೂ ಅವಳಿಗೆ ಕಾಣಲಿಲ್ಲ. "ನನ್ನ ತವರೂ ನಿಮ್ಮ ಕಡೀನೇರೀ. ನಾನಾದ್ರೂ ಹಂಗೇ ತಿಳೀತಿದ್ದೆ" ಎಂದಳು.

ನನಗೆ ನಗು ಬಂತು. ಹಾಗಾದರೆ ನನ್ನನ್ನು ಬೇಡವೆನ್ನಲಿಲ್ಲ, ಇಷ್ಟೇನಾ, ಇದಕ್ಕೇನಾ ತಿಂಗಳೆಲ್ಲ ಅತ್ತಿದ್ದು ಎನ್ನಿಸಿ ಮೇಷ್ಟ್ರ ಮುಖ ನೋಡಿದೆ. ಅವರು ನಗುತ್ತಿರಲಿಲ್ಲ. ಚೀಲವನ್ನು ಕೆಳಗಿಡಲೂ ತೋಚದೆ ಹಿಡಿದುಕೊಂಡೇ ನಿಂತಿದ್ದರು.

ಉಳಿದದ್ದನ್ನು ಸೋದರತ್ತೆಯೇ ಹೇಳಿದರು. ತಾಯಿ ತೀರಿದ ಮನೆಯಲ್ಲಿ ವರ್ಷ ಕಳೆಯುವವರೆಗೆ ಮದುವೆ ಮಾಡುವುದಿಲ್ಲ. ಕಾಯೋಣವೆಂದರೆ ಸೋದರತ್ತೆಯ ಆರೋಗ್ಯವೂ ನೆಟ್ಟಗಿಲ್ಲ, ಆಷಾಢ ಬೇರೆ ಹತ್ತಿರ ಬಂತು. ದುಃಖದಲ್ಲಿರುವವರನ್ನು ಮದುವೆ ಯಾವಾಗ ಎಂದು ಪೀಡಿಸುವುದೂ ಸರಿಯಲ್ಲ. ಹಾಗಾಗಿ ಉಡುತಡಿಯ ಕಡೆ ಒಂದು ಹುಡುಗಿ ನೋಡಿ ಮಾತು ಮುಗಿಸಿದರು, ಹೋದ ವಾರ ನಿಶ್ಚಯವೂ ಆಯಿತು. ಮದುವೆಯ ಕೆಲಸ ಹಿಡಿದ ಮೇಲೆ ಸಾವಿನ ಮನೆಗೆ ಬರುವ ಹಾಗಿಲ್ಲವಾದ್ದರಿಂದ, ಅದಕ್ಕೆ ಮೊದಲೇ ನಮ್ಮನ್ನು ಮಾತಾಡಿಸಿ ಹೋಗಲು ಬಂದಿದ್ದರು. "ಮಾಡಬಾರದ್ದು ಎಂತದೂ ಮಾಡ್ಲಿಲ್ಲ ನಾವು, ಎಲ್ಲಾ ಶಾಸ್ತ್ರ ನೋಡಿಯೇ ಮಾಡಿದ್ದು" ಎಂದು ಅವ್ವನ ಕೈ ಹಿಡಿದುಕೊಂಡು ಅಳತೊಡಗಿದರು. ಸಾವಿಗೆ ಅಳಬೇಕೆಂದು ಬಂದವರು, ಅಳು ಅಂತೂ ವ್ಯರ್ಥವಾಗಲಿಲ್ಲ.

ಆ ಹುಡುಗಿಯನ್ನು ಬಿಟ್ಟುಬಿಡಿ ಎಂದು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ನಿಶ್ಚಯವಾದ ಆ ಹುಡುಗಿಯೂ ನನ್ನ ಹಾಗೇ ಕಾದವಳಿರಬೇಕು, ಅವಳ ಅಂಗಳದಿಂದಲೂ ಕಾರು ತಿರುಗಿ ಹೋಗುವುದು ಬೇಡ. ಅತ್ತಿಗೆ ಟೀ ಮಾಡಲು ಹೋದಳು. ಸಾವಿನ ಮನೆಯಲ್ಲಿ ಏನೂ ಕುಡಿಯಬಾರದೆಂದು ಬಂದವರು, ಇದು ಸಾವಿನ ಮನೆಯಲ್ಲವೆಂದು ನೆನಪಾಗಿ ಒಪ್ಪಿಕೊಂಡರು.

ಟೀ ಬರುವವರೆಗೆ ಮೇಷ್ಟ್ರು ಲಾನಿನ ಮೇಲೆ ಬರಿಗಾಲಲ್ಲಿ ಎರಡು ಹೆಜ್ಜೆ ನಡೆದರು. "ಚೆನ್ನಾಗಿದೆ ಇದು. ಕಾಲಿಗೆ ಹಿತವಾಗ್ತದೆ" ಎಂದರು.

ಎರಡು ತಾಲೂಕಿನಲ್ಲಿ ಅಣ್ಣನ ಲಾನನ್ನು ಚೆನ್ನಾಗಿದೆ ಎಂದ ಮೊದಲ ಮನುಷ್ಯ. ಅಣ್ಣನ ಮುಖ ಅರಳಿತು. ಒಂದು ಕ್ಷಣ ಅವನು ನನ್ನನ್ನು, ಮದುವೆಯನ್ನು, ಎಲ್ಲವನ್ನೂ ಮರೆತ. "ಹೌದೇನ್ರೀ? ನಿಮ್ಮ ಮನಿ ಮುಂದ ಜಾಗ ಐತೇನು?" ಎಂದು ಕೇಳಿದ. ಅವರು, ಹೊಸದಾಗಿ ಮನೆ ಕಟ್ಟಿಸುತ್ತಿದ್ದೇನೆ, ಜಾಗ ಇದೆ ಎಂದರು. ಬೇಡ ಎನ್ನುವುದರೊಳಗೆ ಅಣ್ಣ ಒಳಗಿನಿಂದ ಸನಿಕೆ ತಂದು, ಯಾರಿಗೂ ಕಾಲಿಡಲು ಬಿಡದ ಲಾನನ್ನು ನಡುಮಧ್ಯದಲ್ಲೇ ಬೇರು ಸಮೇತ ಎಬ್ಬಿಸತೊಡಗಿದ. "ಏ, ಚೀಲ ಹಿಡಿಯೇ" ಎಂದ ನನಗೆ. ನಾನು ಖಾಲಿ ಚೀಲ ತಂದು ಬಾಯಿ ಅಗಲಿಸಿ ಹಿಡಿದೆ. ಮೇಷ್ಟ್ರು ಒಂದೊಂದೇ ಹೆಂಟೆಯನ್ನು ಎತ್ತಿ ಅದರೊಳಗೆ ಇಟ್ಟರು.

"ನನ್ನ ಮೆಸೇಜಿಗೆ ನೀವು ಉತ್ತರ ಕೊಡಲಿಲ್ಲ" ಎಂದರು ಮೆಲ್ಲಗೆ. "ಆಮೇಲೆ ಫೋನೂ ಹೋಗಲಿಲ್ಲ. ತುಂಬಾ ದುಃಖದಲ್ಲಿದ್ದೀರಿ ಅಂದುಕೊಂಡೆ."

"ಇದ್ದೆ" ಎಂದೆ.

ಅವರ ಕೈ ಚೀಲದೊಳಗೇ ನಿಂತಿತು. ಅಣ್ಣ ಬೆನ್ನು ಹಾಕಿಕೊಂಡು ಅಗೆಯುತ್ತಲೇ, ಮೊದಲ ತಿಂಗಳು ದಿನಾ ನೀರು ಬಿಡಬೇಕು, ಮನೆಯವರಿಗೂ ಈಗಲೇ ಹೇಳಿಡಿ, ಚಪ್ಪಲಿ ಹಾಕಿಕೊಂಡು ಯಾರೂ ಬರಬಾರದು ಎಂದು ಹೇಳುತ್ತಿದ್ದ. ಮೇಷ್ಟ್ರು ಎಲ್ಲದಕ್ಕೂ ಹೂಂ ಎಂದರು. ಚೀಲ ತುಂಬಿದ ಮೇಲೆ ನಾನು ದಾರ ತಂದು ಅದರ ಬಾಯಿ ಬಿಗಿಯಾಗಿ ಕಟ್ಟಿ, ಕಾರಿನವರೆಗೆ ಒಂದು ಕಡೆ ಹಿಡಿದುಕೊಂಡು ಹೋದೆ.